ಒಂಬತ್ತನೆಯ ಸಾಲು

ಶನಿವಾರ ಸಂಜೆ ನಾಲ್ಕು ಹತ್ತಕ್ಕೆ ಕಾರ್ಕಳದ ಒಂದು ಖಾಸಗಿ ಆಸ್ಪತ್ರೆಯ ಮ್ಯಾನೇಜರ್ ಮಣಿಪಾಲದ ನಮ್ಮ ಆಫೀಸಿಗೆ ಫೋನ್ ಮಾಡಿದರು. ಅವರ ವೆಬ್‌ಸೈಟ್ ಮಾಡಿದವಳು ನಾನು. ವಾರ್ಷಿಕೋತ್ಸವವಿತ್ತು. ಅಧ್ಯಕ್ಷರು, ದಾನಿಗಳು, ಸ್ವಾಗತ ಸಮಿತಿ, ಆಮಂತ್ರಣ, ನಾಲ್ಕೂ ಮೆನುವಿನಲ್ಲಿ ಮೇಲೆಯೇ ಬರಬೇಕಂತೆ.

"ಅಷ್ಟು ಯಾಕೆ ಸರ್? ಒಂದೇ ಪುಟ ಸಾಕಲ್ವಾ?"

"ಎಂತ ಮೇಡಂ ನೀವು! ಕಾರ್ಡಿನಲ್ಲಿ ಒಂದು ಹೆಸರು ಬಿಟ್ಟರೆ ಮತ್ತೆ ಮುಖ ಕೊಟ್ಟು ಮಾತಾಡುವುದಿಲ್ಲ ನಮ್ಮವರು. ಇದೂ ಹಾಗೇ."

ಆ ಮೆನು ಡೇಟಾಬೇಸಿನ ಒಂದು ಪಟ್ಟಿಯಿಂದ ಬರುತ್ತದೆ. ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ. ಸರ್ವರಿನಲ್ಲಿ ನನ್ನ ಕೋಡ್ ಮೊದಲ ಎಂಟು ಸಾಲುಗಳನ್ನು ಓದಿ ಮೆನು ಕಟ್ಟುತ್ತದೆ, ಉಳಿದವು ಕಾಣುವುದಿಲ್ಲ. ಮೊಬೈಲಿನಲ್ಲಿ ಅಂದ ಕೆಡದಿರಲಿ ಎಂದು ಆ ಎಂಟನ್ನು ಹಾಕಿದವಳೂ ನಾನೇ. ನಾಲ್ಕು ಸಾಲು ಸೇರಿಸಿದೆ. ಐದನೆಯದಾಗಿದ್ದ 'ತುರ್ತು ಸೇವೆ' ಒಂಬತ್ತಕ್ಕೆ ಜಾರಿ ಮರೆಯಾಯಿತು. ಗಮನಿಸದೆ ಬಸ್ಸು ಹತ್ತಿದೆ.

ಮರುದಿನ ನಾನು ಕುಕ್ಕುಂದೂರಿನ ದೊಡ್ಡಮ್ಮನ ಮನೆಯಲ್ಲಿದ್ದೆ. ಬೆಳಿಗ್ಗೆ ಹುಲ್ಲು ಕೊಯ್ಯುವಾಗ ದೊಡ್ಡಮ್ಮನಿಗೆ ಹಾವು ಕಚ್ಚಿತು. ಆ ಆಸ್ಪತ್ರೆಯಲ್ಲಿ ಇಂದು ಹಾವಿನ ವಿಷಕ್ಕೆ ಇಂಜೆಕ್ಷನ್ ಉಂಟೋ ಇಲ್ಲವೋ ಎಂದು ತುರ್ತು ಸೇವೆಯ ಪುಟದಲ್ಲಿ ದಿನವೂ ಹಾಕುತ್ತಾರೆ. ಕಾರು ಹೊರಡಿಸುತ್ತಲೇ ಅಣ್ಣ, ದೊಡ್ಡಮ್ಮನ ಮಗ, "ನೋಡು ಬೇಗ" ಎಂದ. ಮೆನುವಿನಲ್ಲಿ ಅಧ್ಯಕ್ಷರಿದ್ದರು. ದಾನಿಗಳಿದ್ದರು. ತುರ್ತು ಸೇವೆ ಇರಲಿಲ್ಲ; ನನ್ನ ನಾಲ್ಕು ಸಾಲೇ ಅದನ್ನು ತಳ್ಳಿದ್ದೆಂದು ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಫೋನ್ ಮಾಡಿದರೆ ಭಾನುವಾರ ಯಾರೂ ಎತ್ತಲಿಲ್ಲ.

"ಎಂತ ಮಾರಾಯ್ತಿ, ನೀನೇ ಮಾಡಿದ್ದಲ್ವಾ?"

"ಪುಟವೇ ಕಾಣ್ತಾ ಇಲ್ಲ ಅಣ್ಣ."

"ಇಂಜೆಕ್ಷನ್ ಇಲ್ಲ ಅಂತ ತೆಗೆದಿರಬೇಕು. ಮಣಿಪಾಲಕ್ಕೇ ಹೋಗುವ."

ಕಾರ್ಕಳದ ಹತ್ತು ನಿಮಿಷದ ದಾರಿ ಬಿಟ್ಟು, ಮಣಿಪಾಲಕ್ಕೆ ಸುಮಾರು ಒಂದು ಗಂಟೆಯ ಹಿರಿಯಡ್ಕದ ದಾರಿ ಹಿಡಿದೆವು. ಬೈಲೂರು ದಾಟುವಾಗ ದೊಡ್ಡಮ್ಮನ ರೆಪ್ಪೆಗಳು ಇಳಿದವು. ಮಾತು ತೊದಲಿತು. ಗಲ್ಲ ಎತ್ತಿ ಹಿಡಿದು ಉಸಿರು ಎಣಿಸುತ್ತ ಕೂತೆ. ಆ ಎಣಿಕೆ ಆಮೇಲೂ ಎಷ್ಟೋ ರಾತ್ರಿ ನಿಲ್ಲಲಿಲ್ಲ.

ಮಣಿಪಾಲದಲ್ಲಿ ನಾಲ್ಕು ದಿನ ಯಂತ್ರದಲ್ಲಿ ಉಸಿರಾಡಿ ಬದುಕಿದರು. ಕಾರ್ಕಳದಲ್ಲಿ ಅಂದು ಇಂಜೆಕ್ಷನ್ ಇತ್ತು. ಆಮೇಲೆ ವಿಚಾರಿಸಿದೆ.

ಉತ್ಸವ ಮುಗಿದದ್ದೇ ಆ ನಾಲ್ಕು ಸಾಲು ತೆಗೆಸಿದರು. ತುರ್ತು ಸೇವೆ ತಾನಾಗಿ ಮೇಲೆ ಬಂತು. ಅದನ್ನು ಪಟ್ಟಿಯಿಂದ ಹೊರಗಿಟ್ಟು, ಯಾರೂ ಕೆಳಗೆ ತಳ್ಳದಂತೆ ಮಾಡುತ್ತೇನೆಂದರೆ ಮ್ಯಾನೇಜರ್, "ಈಗ ಸರಿ ಉಂಟಲ್ಲ ಮೇಡಂ? ಅಧ್ಯಕ್ಷರ ತಲೆ ಮೇಲೆ ಅದನ್ನು ಇಡುವುದಾ?" ಎಂದು ನಕ್ಕರು. ನಗು! ನಮ್ಮ ಬಾಸ್, "ಗಿರಾಕಿ ಹೇಳಿದಷ್ಟು ಮಾಡಿ" ಎಂದರು. ಮುಂದಿನ ವರ್ಷವೂ ಉತ್ಸವವಿದೆ, ಹುಲ್ಲೂ ಇದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಎಂಟು ಎಂದು ಬರೆದ ನನ್ನ ಮೇಲೂ ಅಷ್ಟೇ ಸಿಟ್ಟು.

ದೊಡ್ಡಮ್ಮ ಮನೆಗೆ ಬಂದ ಮೇಲೂ ಕಾಪುವಿನ ನನ್ನ ಕೋಣೆಯಲ್ಲಿ ನಿದ್ದೆ ಹತ್ತಲಿಲ್ಲ. ಒಂದು ಮಂಗಳವಾರ ಆಫೀಸಿನಲ್ಲಿ ಯಾರನ್ನೂ ಕೇಳದೆ ಕೋಡ್ ಬದಲಿಸಿದೆ. ತುರ್ತು ಸೇವೆ ಈಗ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿ ಎಷ್ಟು ಅಧ್ಯಕ್ಷರು ಬಂದರೂ ಅವರೆಲ್ಲರ ಮೇಲೆ, ಕೆಂಪಗೆ. ಪರೀಕ್ಷೆಗೆಂದು ನಲವತ್ತು ಸುಳ್ಳು ಸಾಲು ತುಂಬಿಸಿ ನೋಡಿದೆ. ಕದಲಲಿಲ್ಲ. ಸಾಲುಗಳನ್ನು ಅಳಿಸಿ ಬಸ್ಸು ಹಿಡಿದು ಬಂದು ಮಲಗಿದೆ. ಎಚ್ಚರವಾದಾಗ ಬುಧವಾರ ಬೆಳಿಗ್ಗೆ ಏಳೂವರೆ.