ವಿಮಲಾ ಆಂಟಿಯ ಹೆಸರಿನ ಬೆಲೆ

ಮೊನ್ನೆ ಶನಿವಾರ ಸಿಡ್ನಿಯ ರೌಸ್ ಹಿಲ್‌ನ ನಮ್ಮ ಅಡುಗೆಮನೆಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿದೆ. ಹುರಿದ ಮೆಂತ್ಯ, ಇಂಗಿನ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಮಗಳು "ಯಕ್, ಮಮ್!" ಎಂದು ಎದ್ದು ಹೋದಳು. ನಾನು ಚಮಚ ಹಿಡಿದುಕೊಂಡೇ ಹಳೆಯ ಮೆಲ್ಬರ್ನ್‌ಗೆ ಹೋಗಿಬಿಟ್ಟೆ.

ನನ್ನ ಕಸುಬು ಕಂಪನಿಗಳ ಲೆಕ್ಕಪತ್ರ. ಪಾರ್ಟಿಗಳಲ್ಲಿ ಹೀಗೆಂದರೆ ಎದುರಿಗಿದ್ದವರು ಟ್ಯಾಕ್ಸ್ ಬಗ್ಗೆ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಪಕೋಡದ ಕಡೆ ಸರಿಯುತ್ತಾರೆ. ನೀವು ಸ್ವಲ್ಪ ಹೊತ್ತು ಕೂತಿರಿ, ಇದರಲ್ಲಿ ಉಪ್ಪಿನಕಾಯಿಯೂ ಇದೆ.

ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಓದುವಾಗ ನಾವು ಕೆಲವು ಹುಡುಗಿಯರು ಸೇರಿ ಒಂದು ಮನೆ ರೆಂಟ್‌ಗೆ ಹಿಡಿದಿದ್ದೆವು. ನಮ್ಮ ಮುದ್ದೆಯಾದ ಅನ್ನಕ್ಕೆ ರುಚಿ ಕೊಟ್ಟವರು ಮೈಸೂರಿನ ವಿಮಲಾ ಆಂಟಿ. ಅವರು ಗ್ಯಾರೇಜಿನಲ್ಲಿ ಶುರುಮಾಡಿದ ಉಪ್ಪಿನಕಾಯಿ ಅಷ್ಟು ಹೊತ್ತಿಗೆ ಫ್ಯಾಕ್ಟರಿಯಾಗಿತ್ತು. ಬಾಟಲಿಯ ಮೇಲೆ 'ವಿಮಲಾ' ಎಂದೇ ಹೆಸರು. ಕಂಪನಿ ನಡೆಸುತ್ತಿದ್ದವರು ಗಂಡ ರಘು ಅಂಕಲ್. ಷೇರು ಹಾಕಿದ್ದವರು ಅಲ್ಲಿನ ಕನ್ನಡದ ಡಾಕ್ಟರು, ಇಂಜಿನಿಯರುಗಳು.

ನಾನು ಕೆಲಸ ಸಿಕ್ಕಿ ಸಿಡ್ನಿಗೆ ಬಂದ ಮೇಲೆ, ಎರಡು ಸಾವಿರದ ಐದರ ಸುಮಾರಿಗೆ, ಆಸ್ಟ್ರೇಲಿಯಾ ಅಂತರರಾಷ್ಟ್ರೀಯ ಲೆಕ್ಕದ ನಿಯಮಗಳಿಗೆ ಬದಲಾಯಿತು. ಮ್ಯಾಕ್ವೆರಿ ಪಾರ್ಕಿನ ನಮ್ಮ ಆಫೀಸಿನಲ್ಲಿ ಎಲ್ಲರೂ ದಪ್ಪ ಫೈಲು ಹಿಡಿದು ಗಂಭೀರವಾಗಿ ಓಡಾಡಿದರು. ನಾನೂ ಓಡಾಡಿದೆ, ಗಾಂಭೀರ್ಯ ಮೊದಲು ಬಂತು, ಅರ್ಥ ಆಮೇಲೆ. ಆಗಲೇ ಮೆಲ್ಬರ್ನಿನಿಂದ ರಘು ಅಂಕಲ್ ಫೋನು.

"ಆಡಿಟರ್ ವಿಮಲನ ಹೆಸರು ತೆಗೀಬೇಕು ಅಂತಾನಮ್ಮ! ಮೀಟಿಂಗ್‌ನಲ್ಲಿ ಗಲಾಟೆ ಆಗುತ್ತೆ. ನೀನೇ ಬಂದು ಎಕ್ಸ್‌ಪ್ಲೇನ್ ಮಾಡು."

ವಿಷಯ ಇಷ್ಟೇ. ಹಳೆಯ ನಿಯಮದಲ್ಲಿ ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡಿಗೂ ಬೆಲೆ ಕಟ್ಟಿಸಿ ಆಸ್ತಿಯೆಂದು ತೋರಿಸಬಹುದಿತ್ತು. ಹೊಸದು ಹಾಗಲ್ಲ: ಬೇರೆಯವರಿಂದ ಕೊಂಡ ಹೆಸರು ಇರಲಿ, ಮನೆಯಲ್ಲೇ ಬೆಳೆದದ್ದು ಬೇಡ. ಅಂಕಲ್ ಹಿಂದೆ ಕೊಂಡಿದ್ದ, ಸುಮಾರಾಗಿ ಮಾರಾಟವಾಗುವ ಒಂದು ಚಟ್ನಿ ಕಂಪನಿಯ ಹೆಸರು ಆಸ್ತಿ ಪಟ್ಟಿಯಲ್ಲಿ ಉಳಿಯಿತು, 'ವಿಮಲಾ' ಹೋಯಿತು. ಕಂಪನಿಯ ಆಸ್ತಿ ಒಂದೇ ಏಟಿಗೆ ಅರ್ಧ ಕರಗಿದಂತೆ ಕಂಡಿತು.

ಭಾನುವಾರ ಮೆಲ್ಬರ್ನಿನಲ್ಲಿ ಷೇರುದಾರರ ಮೀಟಿಂಗ್. ನಾನು ಇಂಗ್ಲಿಷಿನಲ್ಲಿ ಶುರುಮಾಡಿ ಎರಡು ವಾಕ್ಯ ಮುಗಿಸುವಷ್ಟರಲ್ಲಿ ಡಾಕ್ಟರ್ ಶೇಷಾದ್ರಿ ಎದ್ದರು.

"ಕನ್ನಡದಲ್ಲಿ ಹೇಳಮ್ಮ. ಹೋದ ವರ್ಷ ನಮಗೆ ಸುಳ್ಳು ಲೆಕ್ಕ ಕೊಟ್ರಾ? ಹಾಗಿದ್ರೆ ನನ್ನ ಷೇರು ಮಾರಿಬಿಡ್ತೀನಿ."

ಕನ್ನಡದಲ್ಲಿ! ಆವರೆಗೆ ಆ ನಿಯಮಗಳನ್ನು ಕನ್ನಡದಲ್ಲಿ ಯೋಚಿಸಿಯೇ ಇರಲಿಲ್ಲ.

"ಇಲ್ಲ ಅಂಕಲ್. ಹೋದ ವರ್ಷದ ರೂಲ್ಸಿಗೆ ಅದು ಸರಿ, ಈ ವರ್ಷಕ್ಕೆ ಇದು ಸರಿ. ಫ್ಯಾಕ್ಟರಿ ಎಲ್ಲೂ ಹೋಗಿಲ್ಲ, ಗಿರಾಕಿಗಳೂ ಹೋಗಿಲ್ಲ. ಅಳೆಯೋ ರೀತಿ ಬದಲಾಗಿದೆ."

ಹಿಂದಿನ ಸಾಲಿನಿಂದ ವಿಮಲಾ ಆಂಟಿ ಮೆಲ್ಲಗೆ ಕೇಳಿದರು: "ಅಂದ್ರೆ ನನ್ನ ಹೆಸರಿಗೆ ಬೆಲೆ ಇಲ್ಲ ಅಂತಾನೇನೇ?"

ನಾನು ಫೈಲು ಮುಚ್ಚಿ ಅವರ ಕಡೆ ತಿರುಗಿದೆ.

"ಇದೆ ಆಂಟಿ. ಆದ್ರೆ ಯಾರೂ ದುಡ್ಡು ಕೊಟ್ಟು ಅದನ್ನ ಕೊಂಡಿಲ್ವಲ್ಲ, ಎಷ್ಟು ಅಂತ ನಾವೇ ಹೇಳ್ಕೋಬೇಕು. ಅದು ಬೇಡ ಅಂತಾರೆ. ಇನ್ಮೇಲೆ ಅದರ ಬೆಲೆ ಆಸ್ತಿಯಲ್ಲಿ ಕಾಣಲ್ಲ, ಮಾರಾಟದಲ್ಲಿ ಕಾಣುತ್ತೆ."

ಅಂಕಲ್ ಅವಸರದಲ್ಲಿ ನಡುವೆ ಬಂದರು. "ಲಾಭ ಜಾಸ್ತಿ ಆಗಿದೆ, ಅದನ್ನೂ ಹೇಳು!"

ಸುಮ್ಮನೆ ಹೂಂ ಎನ್ನಬಹುದಿತ್ತು. ಆದರೆ ಚಟ್ನಿ ಕಂಪನಿಯನ್ನು ಕೊಳ್ಳುವಾಗ ಅದರ ಆಸ್ತಿಯ ಬೆಲೆಗಿಂತ ಹೆಚ್ಚಾಗಿ ಕೊಟ್ಟಿದ್ದ, 'ಗುಡ್‌ವಿಲ್' ಎನ್ನುವ ಮೊತ್ತವನ್ನು ಮೊದಲು ವರ್ಷವರ್ಷವೂ ಲಾಭದಿಂದ ಕಳೆಯುತ್ತಿದ್ದರು. ಈಗ ಕಳೆಯುವಂತಿಲ್ಲ, ಅದು ಇನ್ನೂ ಅಷ್ಟು ಬಾಳುತ್ತದೆಯೇ ಎಂದು ಪ್ರತಿ ವರ್ಷ ಪರೀಕ್ಷಿಸಬೇಕು, ಬಾಳದಿದ್ದರೆ ಮಾತ್ರ ಇಳಿಸಬೇಕು. ಲಾಭ ಏರಿದ್ದು ಅದರಿಂದ.

"ಅದೂ ರೂಲ್ಸಿನ ಕೆಲಸಾನೇ ಅಂಕಲ್. ಒಂದು ಬಾಟಲಿನೂ ಜಾಸ್ತಿ ಮಾರಿಲ್ಲ. ಆಸ್ತಿ ಇಳೀತು ಅಂತ ಹೆದರಬೇಡಿ, ಲಾಭ ಏರಿತು ಅಂತ ಹಿಗ್ಗಲೂ ಬೇಡಿ."

ಅಂಕಲ್ ಮುಖ ಸಣ್ಣದಾಯಿತು. ಡಾಕ್ಟರ್ ಶೇಷಾದ್ರಿ ಮಾತ್ರ ಗಟ್ಟಿಯಾಗಿ ನಕ್ಕರು. "ಈ ಹುಡುಗಿ ಮಾತು ನಂಬಬಹುದು ಕಣಯ್ಯ ರಘು," ಎಂದು ಕೂತರು. ಕೊನೆಗೆ ಷೇರು ಮಾರಿದವರು ಒಬ್ಬ ಇಂಜಿನಿಯರ್ ಮಾತ್ರ. ಕೊಂಡವರು ವಿಮಲಾ ಆಂಟಿ, ತಮ್ಮದೇ ದುಡ್ಡಿನಲ್ಲಿ.

"ಈಗ ಷೇರುದಾರರ ಪಟ್ಟಿಯಲ್ಲಿ ನನ್ನ ಹೆಸರಿದೆ," ಎಂದರು ಕಾಫಿ ಕೊಡುತ್ತ. "ಅದನ್ನ ಯಾವ ಆಡಿಟರ್ ತೆಗೀತಾನೋ ನೋಡ್ತೀನಿ."

ಆಮೇಲೆ ನಿಯಮಗಳು ಎಷ್ಟೋ ಸಲ ಬದಲಾಗಿವೆ, ಈಗಲೂ ಬದಲಾಗುತ್ತಿವೆ. ನಾನು ಗಾಬರಿಯಾಗುವುದಿಲ್ಲ. ಪ್ರತಿಯೊಂದನ್ನೂ ಮೊದಲು ಕನ್ನಡದಲ್ಲಿ ಬಾಯಿಬಿಟ್ಟು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಎಲ್ಲಿ ತೊದಲಿದೆನೋ ಅಲ್ಲಿ ನನಗೇ ಅರ್ಥವಾಗಿಲ್ಲವೆಂದು ಗೊತ್ತಾಗುತ್ತದೆ. ಆಫೀಸಿನಲ್ಲಿ ಪಕ್ಕದ ಸೀಟಿನವಳು ನಾನು ಅಮ್ಮನ ಜೊತೆ ಫೋನಿನಲ್ಲಿದ್ದೇನೆಂದು ತಿಳಿದಿದ್ದಾಳೆ. ನನ್ನ ಇಂಗ್ಲಿಷ್ ವಿವರಣೆಗಳು ಬಹಳ ಸರಳವೆಂದು ಬೋರ್ಡಿನವರು ಹೊಗಳುತ್ತಾರೆ. ಅವು ಅನುವಾದಗಳೆಂದು ನಾನಿನ್ನೂ ಹೇಳಿಲ್ಲ.