ಹೊಸ ಹೋಟೆಲು, ಹಳೇ ಅಂಗಡಿ, ಅಕ್ಕನ ಮೂಗು

ರಾಯಚೂರಿನಲ್ಲಿ ಬಾರ್ಬೆಕ್ಯೂ ಹೋಟೆಲು ಶುರುವಾದಾಗ ನಮ್ಮ ಆಫೀಸಿನಲ್ಲಿ ಎರಡು ಪಾರ್ಟಿಗಳಾದವು. ಮೇಜಿನ ನಡುವೆಯೇ ಕೆಂಡ, ನಾವೇ ಸಲಾಕಿ ತಿರುವಿಕೊಂಡು ತಿನ್ನುವುದು, ಮೇಲೆ ಏಸಿ ಬೇರೆ, ಇನ್ನೇನು ಬೇಕು ಎನ್ನುವವರು ಕೆಲವರು. ಮಾನ್ವಿ ಬಸ್‌ಸ್ಟ್ಯಾಂಡಿನ ಹತ್ತಿರದ ತಗಡಿನ ಅಂಗಡಿಯ ಸೀಕ್ ಕಬಾಬಿನ ಮುಂದೆ ಇದೆಲ್ಲ ಯಾವ ಲೆಕ್ಕ ಎನ್ನುವವರು ಉಳಿದವರು. ನಾನು ಎರಡನೇ ಪಾರ್ಟಿ. ಹೊಸದನ್ನು ಬಾಯಿಗಿಟ್ಟು ನೋಡದೆಯೇ ಬೈದಿದ್ದೆ. ನನಗೆ ಸಿಟ್ಟು ಬಂದರೆ ಸಾಕ್ಷಿ ಪುರಾವೆ ಏನೂ ಬೇಕಾಗುವುದಿಲ್ಲ.

ಕೊನೆಗೆ ಎರಡೂ ಕಡೆ ತಿಂದು ನೋಡುವ ಪ್ರಸಂಗ ಬಂದದ್ದು ಅಕ್ಕನಿಂದ. ದೇವದುರ್ಗದ ಕಡೆಯ ನಮ್ಮೂರಲ್ಲಿ ಅವ್ವ ಕೂಲಿಗೆ ಹೋದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಈಗ ಮಾನ್ವಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ. ಜ್ವರವೊಂದು ಬಂದು ಬಿಟ್ಟ ಮೇಲೆ ಅವಳ ಮೂಗು ಸತ್ತುಹೋಯಿತು. ಒಗ್ಗರಣೆ ಇಲ್ಲ, ಮಲ್ಲಿಗೆ ಇಲ್ಲ, ಸೀಮೆಎಣ್ಣೆ ಹಿಡಿದರೂ ಇಲ್ಲ. ಅದನ್ನು ಹೇಗೋ ಸಹಿಸಿಕೊಂಡಿದ್ದಳು. ಆಮೇಲೆ ಒಂದೇ ಒಂದು ವಾಸನೆ ಬರತೊಡಗಿತು, ಏನೋ ಸುಡುತ್ತಿರುವ ವಾಸನೆ. ಸುಡುತ್ತಿರುವುದು ಮಾತ್ರ ಎಲ್ಲೂ ಇರುತ್ತಿರಲಿಲ್ಲ.

ನನ್ನ ಮನೆಗೆ ಬಂದರೆ ಮಾತಿನ ನಡುವೆ ಎದ್ದು ಹೋಗಿ ಗೋಡೆ ಮೂಸುತ್ತಿದ್ದಳು. ಹಾಸಿಗೆ ಎತ್ತಿ ನೋಡುತ್ತಿದ್ದಳು. ಒಂದು ದಿನ ನನ್ನ ತಲೆ ಬಾಚುತ್ತಾ ಕೂದಲಿಗೆ ಮೂಗು ಹಚ್ಚಿದವಳು ಗಕ್ಕನೆ ಹಿಂದೆ ಸರಿದಳು. ಯಾಕೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಾಸ್ಟೆಲ್ಲಿನಲ್ಲಿ ಅನ್ನ ತಳ ಹತ್ತಿತೆಂದು ಅರ್ಧ ಬೆಂದಿರುವಾಗಲೇ ಒಲೆ ಆರಿಸಿಬಿಟ್ಟಳು, ಅದೂ ಒಂದು ಸಲವಲ್ಲ. ಮಕ್ಕಳು ಹಸಿದು ಶಾಲೆಗೆ ಹೋದರು. ವಾರ್ಡನ್ ಕೆಟ್ಟವರೇನಲ್ಲ, ಆದರೂ ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದರು. ಒಲೆ ಮುಂದಿನಿಂದ ಎಬ್ಬಿಸಿದರೆ ಅಕ್ಕ ಬದುಕುವುದು ಹೇಗೆಂದು ನನಗೆ ಊಟ ಸೇರುತ್ತಿರಲಿಲ್ಲ.

ಚೆನ್ನಾಗಿ ಪರಿಚಯವಿರುವ ವಾಸನೆಗಳನ್ನು ಮೂಸಿಸುತ್ತಿರಿ, ಮೂಗಿಗೆ ನೆನಪು ಬಂದರೂ ಬರಬಹುದು ಎಂದು ಡಾಕ್ಟರು ಹೇಳಿದರು. ಅಕ್ಕನಿಗೆ ಸುಟ್ಟ ಮಾಂಸ ಎಂದರೆ ಪ್ರಾಣ. ಹಾಗಾಗಿ ಅವಳು ರಾಯಚೂರಿಗೆ ಬಂದಾಗ ಮೊದಲು ಹೊಸ ಹೋಟೆಲಿಗೇ ಕರೆದುಕೊಂಡು ಹೋದೆ.

ಒಳಗೆ ದೀಪ ಮಂದ. ಪ್ರತಿ ಮೇಜಿನ ನಡುವೆ ಒಂದು ಕುಳಿ, ಅದರಲ್ಲಿ ಕೆಂಡ. ಸುತ್ತ ಕುಳಿತವರ ಮುಖಗಳೆಲ್ಲ ಕೆಳಗಿನಿಂದ ಕೆಂಪಗೆ ಹೊಳೆಯುತ್ತಿದ್ದವು, ಕಣ್ಣಿನ ಜಾಗ ಮಾತ್ರ ಕಪ್ಪು. ಅಕ್ಕ ನಿಂತು ನೋಡಿದಳು. ಚಪ್ಪಲಿ ಬಿಟ್ಟಳು, ಕೈ ಮುಗಿದಳು. ನಾನು ತಡೆಯುವಷ್ಟರಲ್ಲಿ ಮೇಜಿನ ಮೇಲಿದ್ದ ಉಪ್ಪನ್ನು ಅಂಗೈಗೆ ಸುರಿದುಕೊಂಡು ಕೆಂಡಕ್ಕೆ ಹಾಕಿಯೇಬಿಟ್ಟಳು. ನಮ್ಮೂರಲ್ಲಿ ಮೊಹರಮ್ಮಿಗೆ ಅಲಾಯಿ ದೇವರ ಮುಂದೆ ತೋಡಿದ ಕುಣಿಯ ಬೆಂಕಿಗೆ ಹೀಗೆಯೇ ಉಪ್ಪು ಹಾಕಿ, ಮೈಮೇಲಿನ ಕಷ್ಟ ಕಳೆಯಲೆಂದು ಬೇಡಿಕೊಳ್ಳುತ್ತೇವೆ. ಉಪ್ಪು ಚಟಪಟ ಸಿಡಿಯಿತು. ಆ ಕೆಂಪು ಮುಖಗಳೆಲ್ಲ ಒಟ್ಟಿಗೆ ನಮ್ಮ ಕಡೆ ತಿರುಗಿದವು. ಓಡಿ ಬಂದ ಸಪ್ಲೈಯರ್ ಹುಡುಗನಿಗೆ ಏನಿಲ್ಲಪ್ಪಾ, ನಮ್ಮ ಕಡೆಯ ಪದ್ಧತಿ ಎಂದು ಸಮಾಧಾನ ಹೇಳಿದೆ.

ನಿಜ ಹೇಳಬೇಕೆಂದರೆ ಕೋಳಿ ಬೆಣ್ಣೆಯಷ್ಟು ಮೆತ್ತಗಿತ್ತು. ಬೈದದ್ದಕ್ಕೆ ನಾಚಿಕೆಯಾಗುವಷ್ಟು ಚೆನ್ನಾಗಿತ್ತು. ಹೊಗೆಗೆ ನನ್ನ ಕಣ್ಣಲ್ಲಿ ನೀರು. ಅಕ್ಕ ಮಾತ್ರ ಕುರ್ಚಿಗೆ ಒರಗಿ, ಎಷ್ಟೋ ದಿನದ ಮೇಲೆ ಮುಖ ಸಡಿಲಿಸಿ, ಮೆಲ್ಲಗೆ ಹೇಳಿದಳು:

"ಇಲ್ಲಿ ಒಂದೂ ವಾಸನಿ ಇಲ್ಲ ನೋಡ ಬೇ. ಎಷ್ಟು ಸಮಾಧಾನ ಅದ."

ಊರೆಲ್ಲ ಸುಡುವ ವಾಸನೆ ಹಿಡಿಯುವ ಮೂಗಿಗೆ ಬೆಂಕಿಯ ಮುಂದೆ ಏನೂ ಇಲ್ಲ. 

ಮುಂದಿನ ಭಾನುವಾರ ಮಾನ್ವಿಗೆ ಹೋದೆ. ಬಸ್ಸು ಕಲ್ಮಲ ದಾಟುವವರೆಗೂ ಬೇಡಿಕೊಳ್ಳುತ್ತಲೇ ಇದ್ದೆ, ಹಳೇ ಅಂಗಡಿಯಾದರೂ ಅಕ್ಕನ ಮೂಗನ್ನು ಎಬ್ಬಿಸಲಿ ಎಂದು. ಹಾಸ್ಟೆಲ್ಲಿನಿಂದ ಅಕ್ಕನನ್ನು ಕರೆದುಕೊಂಡು ಅಂಗಡಿಗೆ ಬಂದೆ. ಅಂಗಡಿಯ ಮುದುಕನನ್ನು ನಾವು ಚಾಚಾ ಎನ್ನುತ್ತೇವೆ. ಅದೇ ಬೆಂಚು, ಅದೇ ಕಾಗದದ ತುಂಡಿನ ಮೇಲೆ ಈರುಳ್ಳಿ, ನಿಂಬೆಹಣ್ಣು. ಅಕ್ಕ ಒಲೆಗೆ ಬೆನ್ನು ಮಾಡಿ ರಸ್ತೆ ನೋಡುತ್ತಾ ಕುಳಿತಳು. ಚಾಚಾ ಸಲಾಕಿ ಇಟ್ಟ ಸ್ವಲ್ಪ ಹೊತ್ತಿಗೆ ಕಣ್ಣು ಮುಚ್ಚಿದಳು.

"ಬಂತು," ಎಂದಳು. "ಇದ್ಲಿ ವಾಸನಿ ಬಂತು. ಚಾಚಾನ ಇದ್ಲಿದು."

ಅವಳ ಕೆನ್ನೆ ಮೇಲೆ ನೀರು ಹರಿಯಿತು. ಸಂತೋಷಕ್ಕೆ ನನಗೆ ಕೂಗಬೇಕೆನಿಸಿತು. ತಿರುಗಿ ಚಾಚಾನ ಮುಖ ನೋಡಿದೆ. ಅವನು ಸಲಾಕಿ ತಿರುವುವುದನ್ನು ನಿಲ್ಲಿಸಿದ್ದ. ಸಲಾಕಿಗಳ ಕೆಳಗೆ ನೀಲಿ ಉರಿ ಸುಂಯ್ಯೆನ್ನುತ್ತಿತ್ತು. ಇದ್ದಿಲು ಬಿಟ್ಟು ಬಹಳ ದಿನವಾಯಿತು, ಹೊಗೆಗೆ ಅಕ್ಕಪಕ್ಕದವರು ಜಗಳ ತೆಗೆಯುತ್ತಾರೆ, ಈಗ ಗ್ಯಾಸಿನ ಮೇಲೆಯೇ ಎಂದು ನನಗಷ್ಟೇ ಕೇಳುವಂತೆ ಹೇಳಿದ.

ನಾಳೆಯೇ ವಾರ್ಡನ್ನರಿಗೆ ಹೇಳುತ್ತೇನೆ, ಮೂಗು ಸರಿಹೋಯಿತು ಎನ್ನುತ್ತೇನೆ ಎಂದು ಅಕ್ಕ ಲಗುಬಗೆಯಿಂದ ಮಾತಾಡುತ್ತಿದ್ದಳು. ನಾನು ಸುಮ್ಮನಿದ್ದರೆ ಮಕ್ಕಳು ಮತ್ತೆ ಹಸಿಯುತ್ತಾರೆ. ಇಲ್ಲಿ ಇದ್ದಿಲಿಲ್ಲ, ಗ್ಯಾಸು ಎಂದು ಹೇಳಿಬಿಟ್ಟೆ.

ಅಕ್ಕ ಎದ್ದು ಬಂದು ಬಗ್ಗಿ ಆ ನೀಲಿ ಉರಿಯನ್ನು ಬಹಳ ಹೊತ್ತು ನೋಡಿದಳು. ಅಳಲಿಲ್ಲ.

"ಹಂಗಾದ್ರ ನಾಳಿಂದ ನಾ ಒಲಿ ಮುಂದ ನಿಂದ್ರೂದಿಲ್ಲ," ಎಂದಳು. ಮತ್ತೆ ಬೆಂಚಿಗೆ ಬಂದು ಕುಳಿತು ನನ್ನ ಕಡೆ ತಿರುಗಿದಳು. "ನಿನಗ ಆ ವಾಸನಿ ಬರವಲ್ದೇನು?"

ಇಲ್ಲ ಎನ್ನುವುದಕ್ಕೆಂದೇ ಉಸಿರೆಳೆದುಕೊಂಡೆ. ಹಸಿ ಇದ್ದಿಲಿಗೆ ಗಾಳಿ ಹಾಕಿದಾಗ ಮೊದಲು ಏಳುವ ಘಾಟು ಗಂಟಲಿನವರೆಗೆ ಇಳಿಯಿತು. ಸುತ್ತ ನೋಡಿದೆ. ಎಲ್ಲೂ ಹೊಗೆಯಿಲ್ಲ. ಚಾಚಾನಿಗೆ ಗ್ಯಾಸ್ ಆರಿಸಲು ಹೇಳಿದೆ. ಆರಿಸಿದ. ವಾಸನೆ ಹೋಗಲಿಲ್ಲ, ಇನ್ನೂ ಹತ್ತಿರ ಬಂತು.

ನಾನು ಬಾಯಿ ಬಿಡುವ ಮೊದಲೇ ನನ್ನ ಮುಖ ನೋಡಿ ಅಕ್ಕನಿಗೆ ಗೊತ್ತಾಯಿತು. ನನ್ನ ಕೈಯನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಹೆದರಬ್ಯಾಡ ಯವ್ವಾ," ಎಂದಳು. "ಮೊದಮೊದಲ ಹಂಗಾಗ್ತದ. ಆಮ್ಯಾಲ ರೂಢಿ ಆಗ್ತದ."