ಒಳಗೆ ಬಿಟ್ಟ ಬಟ್ಟೆ

ಬೆಳಕು ಹರಿಯುವ ಹೊತ್ತು. ವಿಮಾನಗಳ ಶೆಡ್ಡಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಗಣಿತದ ಮೇಷ್ಟ್ರೊಬ್ಬರು ಉಸಿರು ಬಿಗಿಹಿಡಿದು ನಿಂತಿದ್ದಾರೆ. ಅವರ ಹಾರಾಟದ ಉಡುಪಿನ ಜಿಪ್ಪು ಹೊಟ್ಟೆಯ ಹತ್ತಿರ ಬಂದು ಮುಷ್ಕರ ಹೂಡಿದೆ.

"ಉಸಿರು ಬಿಡಿ ಮೇಷ್ಟ್ರೇ. ಮೇಲೆ ಹೋದ್ಮೇಲೂ ಉಸಿರಾಡ್ಬೇಕಲ್ಲ," ಎನ್ನುತ್ತಾರೆ ಸೂಜಿಯಕ್ಕ, ತುಟಿಯಂಚಿನಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಒಗೆದು ಒಗೆದು ಬಟ್ಟೆ ಕುಗ್ಗಿದೆ ಅಕ್ಕಾ."

"ಹೌದೌದು. ಹೊಟ್ಟೆ ಹತ್ರ ಮಾತ್ರ ಕುಗ್ಗಿದೆ."

ಇದು ಮೀಸಲು ವಾಯುದಳದ ಒಂದು ತುಕಡಿ. ಹಳೆಯ ಯುದ್ಧವೊಂದು ಮುಗಿದಾಗ, ಮನೆಗೆ ಮರಳಿದ ಪೈಲಟ್‌ಗಳಿಗೆ ಹಾರಾಟದ ರೂಢಿ ತಪ್ಪದಿರಲಿ ಎಂದು ಕಟ್ಟಿದ್ದು. ಈಗಿನವರು ವಾರವಿಡೀ ಪಾಠ ಹೇಳುತ್ತಾರೆ, ಬಸ್ಸು ಓಡಿಸುತ್ತಾರೆ, ಅಂಗಡಿ ನೋಡಿಕೊಳ್ಳುತ್ತಾರೆ. ರಜೆಯ ದಿನ ಬಂದು ಹಾರುತ್ತಾರೆ. ಯುದ್ಧಕ್ಕಿಂತ ನೆರೆಗೆ, ಕಾಡ್ಗಿಚ್ಚಿಗೆ ಕರೆ ಬಂದದ್ದೇ ಹೆಚ್ಚು. ಸೂಜಿಯಕ್ಕ ಇವರೆಲ್ಲರ ದರ್ಜಿ. ಅವರ ಗಂಡ ಇದೇ ತುಕಡಿಯ ಮೆಕ್ಯಾನಿಕ್. ಕಾಡ್ಗಿಚ್ಚು ಆರಿಸಲು ಹೊರಟ ವಿಮಾನದಲ್ಲಿ ಹೋದವರು ಹಿಂತಿರುಗಲಿಲ್ಲ.

"ನಮ್ಮೋರು ಸಂಸಾರಸ್ಥರು. ಬಂದಾಗೆಲ್ಲ ಒಂದೊಂದು ಸುತ್ತು ದಪ್ಪ ಆಗಿರ್ತಾರೆ. ಅದಕ್ಕೇ ಹೊಲಿಗೆ ಒಳಗೆ ಬೆರಳಗಲ ಬಟ್ಟೆ ಬಿಟ್ಟಿರ್ತೀನಿ, ಮುಂದೆ ಬೇಕಾಗತ್ತೆ ಅಂತ," ಎನ್ನುತ್ತಾರೆ ಸೂಜಿಯಕ್ಕ, ಅವರ ಕೆಲಸ ನೋಡಲು ಬಂದ ನನಗೆ.

ಮೇಷ್ಟ್ರ ಉಡುಪಿನಲ್ಲಿ ಬಿಟ್ಟದ್ದೆಲ್ಲ ಬಿಚ್ಚಿ ಮುಗಿದಿದೆ. ಅತ್ತ ನದಿ ಉಕ್ಕಿ, ಜನ ಮಾಳಿಗೆ ಹತ್ತಿ ಕುಳಿತಿದ್ದಾರೆ. ಜಿಪ್ಪು ಕತ್ತಿನವರೆಗೆ ಏರದೆ ಹಾರುವಂತಿಲ್ಲ. ಮೇಷ್ಟ್ರ ಬದಲಿಗೆ ಇಂದು ಇನ್ನೊಬ್ಬ ಪೈಲಟ್ ಇಲ್ಲ. ಉಡುಪಿಗೆ ಬೇಕಾದ, ಬೆಂಕಿ ಹಿಡಿಯದ ಬಟ್ಟೆಯ ಹೊಸ ಥಾನು ಬಂದಿಲ್ಲ.

ಸೂಜಿಯಕ್ಕ ಕಪಾಟಿನ ತಳದಿಂದ ಒಂದು ಉಡುಪು ತೆಗೆಯುತ್ತಾರೆ. ಗಂಡನಿಗೆ ಹೊಲಿದಿದ್ದ ಎರಡು ಉಡುಪಿನಲ್ಲಿ ಉಳಿದದ್ದು.

ಮೇಷ್ಟ್ರಿಗೆ ಗುರುತು ಹತ್ತುತ್ತದೆ. "ಬೇಡ ಅಕ್ಕಾ. ಅದೊಂದು ಬೇಡ."

"ಸುಮ್ನೆ ನಿಮ್ದನ್ನ ಕಳಚಿ ಕೊಡಿ. ಹೊತ್ತಾಗತ್ತೆ."

ಗಂಡನ ಉಡುಪಿನ ಪಕ್ಕದ ಹೊಲಿಗೆ ಬಿಚ್ಚುತ್ತಾರೆ. ಒಳಗೆ ಮಡಚಿದ್ದ ಬಟ್ಟೆ ಬಿಸಿಲು ಕಾಣದೆ ಇನ್ನೂ ಕಡುಹಸಿರಾಗಿಯೇ ಇದೆ. ಒಂದು ಗಳಿಗೆ ಅದರ ಮೇಲೆ ಬೆರಳಾಡಿಸುತ್ತಾರೆ.

"ಇವ್ರಿಗೂ ಬಿಟ್ಟಿದ್ದೆ. ದಪ್ಪ ಆಗೋಕೆ ಪುರಸೊತ್ತೇ ಸಿಗ್ಲಿಲ್ಲ."

ಆಮೇಲೆ ಕತ್ತರಿ ಹಾಕುತ್ತಾರೆ, ಕಂಕುಳಿಂದ ಸೊಂಟದವರೆಗೆ, ಅಗಲವಾಗಿ.

ಮೇಷ್ಟ್ರ ಮಾಸಿದ ಉಡುಪಿನ ಎರಡೂ ಪಕ್ಕಕ್ಕೆ ಕಡುಹಸಿರು ಅಂಚಿನ ಪಟ್ಟಿ ಬಿದ್ದ ಮೇಲೆ ಜಿಪ್ಪು ತಕರಾರಿಲ್ಲದೆ ಏರುತ್ತದೆ. ಮೇಷ್ಟ್ರು ವಿಮಾನದತ್ತ ಓಡುತ್ತಾರೆ. ವಿಮಾನ ಎದ್ದ ಸದ್ದಿಗೆ ಕಿಟಕಿಯ ಗಾಜು ನಡುಗುತ್ತದೆ. ಸೂಜಿಯಕ್ಕ ನೆಲದ ಮೇಲಿನ ದಾರದ ಚೂರು ಆಯುತ್ತಿದ್ದಾರೆ.

ನಿಮಗೇನು ಆಸೆ ಎಂದು ಕೇಳುತ್ತೇನೆ.

"ಎಲ್ರೂ ದಪ್ಪ ಆಗ್ಲಿ. ವಯಸ್ಸಾಗಿ, ಹೊಟ್ಟೆ ಬಂದು, ನನ್ನ ಹತ್ರ ಬೈಸ್ಕೊಳ್ಲಿ."

ಗುಂಡುಸೂಜಿಗಳನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತುತ್ತಾರೆ.

"ಮೇಷ್ಟ್ರಿಗೆ ಈ ಸಲಾನೂ ಒಳಗೆ ಬೆರಳಗಲ ಬಿಟ್ಟಿದೀನಿ."